ಅಪ್ಪನ ಮೋಟಾರಿಗೆ ವರ್ಷದ ಚಂದಾ

ನಮ್ಮೂರು ಹೊಳಲ್ಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ, ಆರುನೂರು ಅಡಿಯ ಒಂದು ಬೋರ್‌ವೆಲ್. ತೋಟದ ಲೈನಿಗೆ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು ಕೊಟ್ಟರೆ ಇನ್ನೊಂದು ವಾರ ರಾತ್ರಿ. ನಾನು ಹೈಸ್ಕೂಲಿನಲ್ಲಿದ್ದಾಗ ರಾತ್ರಿ ಪಾಳಿಯ ವಾರವೆಂದರೆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಒಂದೋ ಎರಡೋ ಗಂಟೆಗೆ ಅಪ್ಪ ಬ್ಯಾಟರಿ ಹಿಡಿದು ಹೊರಟರೆ, ಅವರು ವಾಪಸ್ ಬಂದು ಕಾಲು ತೊಳೆಯುವ ಸದ್ದು ಕೇಳುವವರೆಗೂ ಅಮ್ಮ ಎದ್ದೇ ಕೂತಿರುತ್ತಿದ್ದರು. ಒಮ್ಮೆ ಸ್ಟಾರ್ಟರ್ ಡಬ್ಬಿಯ ಮೇಲೇ ಹಾವು ಮಲಗಿತ್ತು. ಅಪ್ಪ ಅದನ್ನು ಬೆಳಿಗ್ಗೆ ತಿಂಡಿ ತಿನ್ನುತ್ತಾ ತಮಾಷೆಯಾಗಿ ಹೇಳಿದರು. ಅಮ್ಮ ನಗಲಿಲ್ಲ.

2022ರಲ್ಲಿ ಅಡಿಕೆಗೆ ಒಳ್ಳೆಯ ರೇಟು ಸಿಕ್ಕಾಗ ಅಪ್ಪ ಮಾಡಿದ ಮೊದಲ ಖರ್ಚು ಮೊಬೈಲ್ ಸ್ಟಾರ್ಟರ್. ಡಬ್ಬಿಯೊಳಗೆ ಒಂದು ಸಿಮ್, ಅಪ್ಪನ ಫೋನಿನಲ್ಲಿ ಒಂದು ಆ್ಯಪ್. ಕರೆಂಟು ಬಂದರೆ ಫೋನು ಗುಂಯ್ ಎನ್ನುತ್ತದೆ, ಹಾಸಿಗೆಯಲ್ಲಿ ಮಲಗಿಯೇ ಹಸಿರು ಗುಂಡಿ ಒತ್ತಿದರೆ ಮೋಟಾರು ಓಡುತ್ತದೆ. ಬೋರಿನಲ್ಲಿ ನೀರು ಕಮ್ಮಿಯಾದರೆ ತಾನೇ ನಿಲ್ಲುತ್ತದೆ. ಅಮ್ಮ ಆ ಡಬ್ಬಿಗೆ ಆಯುಧಪೂಜೆಯಲ್ಲಿ ಟ್ರ್ಯಾಕ್ಟರಿಗಿಂತ ದೊಡ್ಡ ಹಾರ ಹಾಕಿದ್ದರು.

ಈ ಮಾರ್ಚ್‌ನಲ್ಲಿ ಅಜ್ಜಿಯ ಕಣ್ಣಿನ ಆಪರೇಷನ್ನಿಗೆಂದು ಅಪ್ಪ ದಾವಣಗೆರೆಗೆ ಬಂದು ನನ್ನ ಚಿಕ್ಕಪ್ಪನ ಮನೆಯಲ್ಲಿ ಆರು ದಿನ ಉಳಿದರು. ದಿನಾ ಆ್ಯಪ್ ತೆರೆಯುತ್ತಿದ್ದರು. ಅದು ತಿರುಗುತ್ತಲೇ ಇರುತ್ತಿತ್ತು. ‘ಊರಲ್ಲಿ ಕರೆಂಟಿಲ್ಲ ಕಾಣ್ತದೆ’ ಎಂದುಕೊಂಡು ಸುಮ್ಮನಾಗುತ್ತಿದ್ದರು. ಊರಿಗೆ ಹೋಗಿ ನೋಡಿದರೆ ಕರೆಂಟು ಎಲ್ಲ ದಿನವೂ ಬಂದಿದೆ, ಪಕ್ಕದ ತೋಟದವರ ಹೊಂಡ ತುಂಬಿ ಹರಿದಿದೆ. ನಮ್ಮ ಮೋಟಾರು ಮಾತ್ರ ಓಡಿಲ್ಲ. ಮೇಲಿನ ಮಗ್ಗುಲಲ್ಲಿ ಹೋದ ವರ್ಷ ನೆಟ್ಟಿದ್ದ ಅಡಿಕೆ ಸಸಿಗಳಲ್ಲಿ ಮೂವತ್ತೆಂಟು ಒಣಗಿ ಹೋದವು. ಎಣಿಸಿದವಳು ನಾನೇ.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದವಳೂ ನಾನೇ. ಆ ಕಡೆ ನನ್ನದೇ ವಯಸ್ಸಿನ ಹುಡುಗನ ದನಿ.

‘ಮೇಡಂ, ನಿಮ್ಮ ಸರ್ವೀಸ್ ಪ್ಲಾನ್ ಮುಗಿದಿದೆ. ರಿನೀವ್ ಮಾಡ್ಸಿದ್ರೆ ಹತ್ತು ನಿಮಿಷದಲ್ಲಿ ಸ್ಟಾರ್ಟ್ ಆಗುತ್ತೆ.’

‘ಡಬ್ಬಿ ನಮ್ಮದಲ್ವಾ? ದುಡ್ಡು ಕೊಟ್ಟು ತಗೊಂಡಿದೀವಲ್ಲ?’

‘ಡಬ್ಬಿ ನಿಮ್ಮದೇ ಮೇಡಂ. ಸರ್ವರ್ ನಮ್ಮದು.’

ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಆ ಐದು ಪದಗಳು ಮಾತ್ರ ತಲೆಯಿಂದ ಹೋಗಲಿಲ್ಲ. ನಾನು ಎಲೆಕ್ಟ್ರಿಕಲ್ ಬಿಇ ಓದುತ್ತಿದ್ದೇನೆ, ಆರನೇ ಸೆಮಿಸ್ಟರ್. ಮೋಟಾರಿನ ಬಗ್ಗೆ ಎರಡು ಪೇಪರ್ ಬರೆದು ಪಾಸಾಗಿದ್ದೇನೆ. ಆದರೆ ಮೋಟಾರು ಓಡಲು ಕರೆಂಟು, ನೀರು, ವೈಂಡಿಂಗ್ ಇಷ್ಟೇ ಅಲ್ಲ, ಎಲ್ಲೋ ಇರುವ ಒಂದು ಕಂಪನಿಯ ಒಪ್ಪಿಗೆಯೂ ಬೇಕು ಎಂಬುದು ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ.

ಪಕ್ಕದ ತೋಟದವರಲ್ಲೂ ಮೊಬೈಲ್ ಸ್ಟಾರ್ಟರ್ ಇದೆ, ನಮ್ಮದಕ್ಕಿಂತ ಹಳೆಯದು. ಅದಕ್ಕೆ ಆ್ಯಪ್ ಇಲ್ಲ. ಅವರ ಫೋನಿನಿಂದ ಡಬ್ಬಿಯ ಸಿಮ್‌ಗೆ ಕರೆ ಮಾಡಿ, ಒಂದು ಒತ್ತಿದರೆ ಮೋಟಾರು ಆನ್, ಎರಡು ಒತ್ತಿದರೆ ಆಫ್. ಅಲ್ಲಿ ಮಾತುಕತೆ ನೇರವಾಗಿ ಎರಡು ಸಿಮ್‌ಗಳ ನಡುವೆ. ಮೊಬೈಲ್ ಕಂಪನಿಗೆ ರೀಚಾರ್ಜ್ ಮಾಡಿದರೆ ಮುಗಿಯಿತು, ಸ್ಟಾರ್ಟರ್ ಮಾಡಿದವರ ಹಂಗಿಲ್ಲ. ಈ ಬಗೆಯ ಯಂತ್ರ ನಮ್ಮ ದೇಶದಲ್ಲಿ ಹೊಸದೇನಲ್ಲ. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತವಾಲ್ ತಮ್ಮ ಅಜ್ಜ ಪಂಪ್ ಹಾಕಲು ಪಡುತ್ತಿದ್ದ ಪಾಡು ನೋಡಿ ‘ನ್ಯಾನೊ ಗಣೇಶ್’ ಎಂಬ ಸಾಧನ ರೂಪಿಸಿ ಎಷ್ಟೋ ವರ್ಷಗಳಾದವು. ನಮ್ಮ ಡಬ್ಬಿಯಲ್ಲಿ ದಾರಿಯೇ ಬೇರೆ. ಅಪ್ಪ ಗುಂಡಿ ಒತ್ತಿದರೆ ಸಂದೇಶ ಮೊದಲು ಕಂಪನಿಯ ಸರ್ವರ್‌ಗೆ ಹೋಗುತ್ತದೆ, ಅಲ್ಲಿಂದ ನಮ್ಮ ತೋಟಕ್ಕೆ ಬರುತ್ತದೆ. ಮನೆಯಿಂದ ತೋಟಕ್ಕೆ ಇರುವುದು ಮುಕ್ಕಾಲು ಕಿಲೋಮೀಟರ್. ಸಂದೇಶ ಎಷ್ಟು ದೂರ ಸುತ್ತಿ ಬರುತ್ತದೋ!

ನೇರ ದಾರಿ ಇರುವಾಗ ಸುತ್ತು ದಾರಿ ಯಾಕೆ? ಈ ಪ್ರಶ್ನೆ ಇಟ್ಟುಕೊಂಡೇ ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್ಪಿಗೆ ಬೆಂಗಳೂರಿನ ಪೀಣ್ಯಕ್ಕೆ ಹೋದೆ. ದಾಸರಹಳ್ಳಿಯ ಪಿಜಿಯಲ್ಲಿ ಮೂರು ಜನರ ರೂಮು, ಬೆಳಿಗ್ಗೆ ಎಂಟೂವರೆಗೆ ಪಂಪ್‌ಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುವ ಒಂದು ಕಾರ್ಖಾನೆ. ಅಪ್ಪನ ಸ್ಟಾರ್ಟರ್ ಮಾಡಿದ ಕಂಪನಿಯಲ್ಲ, ಅದೇ ಕಸುಬಿನ ಇನ್ನೊಂದು. ಮೊದಲ ವಾರ ನನ್ನನ್ನು ವಾರಂಟಿ ವಿಭಾಗಕ್ಕೆ ಹಾಕಿದರು. ಹುಡುಗಿಗೆ ಕೂತು ಮಾಡುವ ಕೆಲಸ ಇರಲಿ ಎಂದಿರಬೇಕು. ಒಳ್ಳೆಯದೇ ಆಯಿತು.

ವಾರಂಟಿ ವಿಭಾಗವೆಂದರೆ ಸುಟ್ಟು ವಾಪಸ್ ಬಂದ ವಸ್ತುಗಳ ಗುಡ್ಡೆ. ಅಲ್ಲಿನ ಹಿರಿಯ ಎಂಜಿನಿಯರ್ ಒಬ್ಬರು ಒಂದು ಕರಿ ಹಿಡಿದ ಮೋಟಾರನ್ನು ತೋರಿಸಿ, ‘ಇದು ಯಾಕೆ ಸುಟ್ಟಿದೆ ಹೇಳಮ್ಮ’ ಎಂದರು. ನಾನು ಪುಸ್ತಕದಲ್ಲಿದ್ದದ್ದನ್ನೆಲ್ಲ ಒಪ್ಪಿಸಿದೆ: ಒಂದು ಫೇಸ್ ಹೋಗಿದ್ದರೆ ಉಳಿದ ಎರಡರಲ್ಲಿ ಕರೆಂಟು ಹೆಚ್ಚಾಗಿ ವೈಂಡಿಂಗ್ ಸುಟ್ಟಿರಬಹುದು, ಬೋರ್ ಬತ್ತಿ ನೀರಿಲ್ಲದೆ ಓಡಿದ್ದರೆ ತಂಪಾಗದೆ ಸುಟ್ಟಿರಬಹುದು, ವೋಲ್ಟೇಜ್ ತೀರಾ ಕಮ್ಮಿ ಇದ್ದಿರಬಹುದು. ಅವರು ನಕ್ಕರು. ‘ನಂಗೂ ಇಷ್ಟೇ ಗೊತ್ತು. ಗ್ರಾಹಕ ನಿಮ್ಮ ಮೋಟಾರೇ ಸರಿಯಿಲ್ಲ ಅಂತಾನೆ. ಡೀಲರ್ ಕರೆಂಟ್ ಸರಿಯಿಲ್ಲ ಅಂತಾನೆ. ಅಲ್ಲಿ ಬೋರಿನ ಹತ್ರ ಆ ರಾತ್ರಿ ಏನಾಯ್ತು ಅಂತ ನೋಡಿದೋರು ಯಾರೂ ಇಲ್ಲ.’

ಎಷ್ಟು ದೊಡ್ಡ ಮಾತು ಅದು ಎಂದು ನನಗೆ ಅರ್ಥವಾಗಲು ಎರಡು ದಿನ ಬೇಕಾಯಿತು. ತಯಾರಕ ತನ್ನ ವಸ್ತುವನ್ನು ನೋಡುವುದು ಎರಡೇ ಸಲ. ಲಾರಿ ಹತ್ತಿಸುವಾಗ ಒಮ್ಮೆ, ಕೆಟ್ಟು ಬಂದಾಗ ಒಮ್ಮೆ. ನಡುವಿನ ವರ್ಷಗಳಲ್ಲಿ ಅದು ಎಲ್ಲಿತ್ತು, ದಿನಕ್ಕೆ ಎಷ್ಟು ಗಂಟೆ ಓಡಿತು, ಎಷ್ಟು ಸಲ ಒಂದೇ ನಿಮಿಷದಲ್ಲಿ ಆನ್ ಆಫ್ ಆಯಿತು ಎಂಬುದೆಲ್ಲ ಕತ್ತಲೆ. ಮಗಳನ್ನು ಮದುವೆ ಮಾಡಿ ಕೊಟ್ಟ ಮೇಲೆ ಫೋನ್ ನಂಬರೂ ಇಲ್ಲದ ತವರಿನಂತೆ. ಡಬ್ಬಿಯೊಳಗೆ ಒಂದು ಸಿಮ್ ಕೂತ ಕೂಡಲೇ ಆ ಕತ್ತಲೆ ಹೋಗುತ್ತದೆ. ಮೂರೂ ಫೇಸಿನ ಕರೆಂಟು, ವೋಲ್ಟೇಜು, ಓಡಿದ ನಿಮಿಷಗಳು ಎಲ್ಲವೂ ಸರ್ವರ್‌ಗೆ ಬಂದು ಬೀಳುತ್ತವೆ. ನೀರಿಲ್ಲದೆ ಓಡಿದರೆ ಮೋಟಾರು ಎಳೆಯುವ ಕರೆಂಟು ಥಟ್ಟನೆ ಇಳಿಯುತ್ತದೆ. ಆ ಗೆರೆ ಕಂಡರೆ ಸಾಕು, ವಾರಂಟಿ ಜಗಳ ಅರ್ಧ ಮುಗಿದಂತೆ. ಕೆಲವೊಮ್ಮೆ ಅದು ಗ್ರಾಹಕನ ಪರವಾಗಿಯೂ ಸಾಕ್ಷಿ ಹೇಳುತ್ತದೆ ಎನ್ನಿ. ನಾನಿದ್ದಾಗಲೇ ಒಂದು ಊರಿನ ಮೂರು ಮೋಟಾರುಗಳು ಸುಟ್ಟು ಬಂದವು. ದಾಖಲೆ ನೋಡಿದರೆ ಮೂರರಲ್ಲೂ ಕರೆಂಟು, ವೋಲ್ಟೇಜು ಸರಿಯಾಗಿಯೇ ಇತ್ತು, ತಪ್ಪು ಇದ್ದದ್ದು ಕಾರ್ಖಾನೆಯ ಒಂದು ಬ್ಯಾಚಿನ ಕೇಬಲ್ ಜಾಯಿಂಟಿನಲ್ಲಿ. ಹೊಸ ಮೋಟಾರು ಕೊಟ್ಟರು.

ಹಾಗಾದರೆ ಸೇವೆ ಕೊಡುವುದು ಮೋಟಾರಿನ ಮೇಲಿನ ಪ್ರೀತಿಯಿಂದಲೇ? ಅಷ್ಟು ಮುಗ್ಧೆ ನಾನಲ್ಲ. ದುಡ್ಡಿನ ಲೆಕ್ಕ ಇದಕ್ಕಿಂತ ಸರಳ, ಇದಕ್ಕಿಂತ ಗಟ್ಟಿ.

ಪ್ಯಾನೆಲ್ ಬಿಚ್ಚಿ ನೋಡಿದರೆ ಒಳಗೆ ಇರುವುದು ತಾಮ್ರ, ಕಬ್ಬಿಣ, ಒಂದು ಕಾಂಟ್ಯಾಕ್ಟರ್, ಒಂದು ರಿಲೇ. ಪೀಣ್ಯದ ಒಂದೇ ಕ್ರಾಸಿನಲ್ಲಿ ಅದನ್ನು ಮಾಡುವವರು ಹಲವರಿದ್ದಾರೆ. ಒಬ್ಬರು ಐವತ್ತು ರೂಪಾಯಿ ಇಳಿಸಿದರೆ ಇನ್ನೊಬ್ಬರು ನೂರು ಇಳಿಸುತ್ತಾರೆ. ಅಪ್ಪ ನಮ್ಮ ಡಬ್ಬಿಗೆ ಕೊಟ್ಟದ್ದು ಒಂಬತ್ತು ಸಾವಿರ. ಅದರಲ್ಲಿ ಡೀಲರ್ ಕಮಿಷನ್, ಸಾಗಣೆ, ಜಿಎಸ್‌ಟಿ, ಸಾಮಾನಿನ ಖರ್ಚು ಕಳೆದರೆ ತಯಾರಕನಿಗೆ ಉಳಿಯುವುದು ಕೈಬೆರಳಿನಷ್ಟು. ಆಮೇಲೆ ಅಪ್ಪ ಹತ್ತು ವರ್ಷ ಆ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಈಗ ವರ್ಷಕ್ಕೆ 1,200 ರೂಪಾಯಿಯ ಚಂದಾ ಸೇರಿಸಿ ನೋಡಿ. ಮೊದಲ ವರ್ಷ ಉಚಿತ ಎಂದರೂ ಮುಂದಿನ ಏಳು ವರ್ಷಕ್ಕೆ 8,400. ಹೆಚ್ಚೂಕಡಿಮೆ ಇನ್ನೊಂದು ಡಬ್ಬಿ ಮಾರಿದಂತೆ, ತಾಮ್ರ ಕೊಳ್ಳದೆ, ಲಾರಿ ಬಾಡಿಗೆ ಕೊಡದೆ. ಅದಕ್ಕಿಂತ ಮುಖ್ಯವಾಗಿ, ಅಡಿಕೆ ರೇಟು ಬಿದ್ದು ಯಾರೂ ಹೊಸ ಡಬ್ಬಿ ಕೊಳ್ಳದ ವರ್ಷವೂ ಈ ದುಡ್ಡು ಬರುತ್ತದೆ. ಬಂಡವಾಳ ಹಾಕುವವರು ಇಂಥ ಆದಾಯವನ್ನೇ ಮೊದಲು ಕೇಳುತ್ತಾರಂತೆ. ಅಂಗಡಿ ಬಾಡಿಗೆ ಬರುವ ಮನೆಗೆ ಹೆಣ್ಣು ಕೊಡಲು ನಮ್ಮೂರಿನವರು ಒಂದು ಕೈ ಮುಂದೆ ಇರುವಂತೆ.

ಇದಕ್ಕೆ ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ‘ಸರ್ವಿಟೈಸೇಶನ್’ ಎಂಬ ನಾಲಿಗೆ ತೊಡರುವ ಹೆಸರಿದೆ. ಸಾಂಡ್ರಾ ವ್ಯಾಂಡರ್‌ಮರ್ವ್ ಮತ್ತು ಜುವಾನ್ ರಾಡಾ 1988ರಲ್ಲಿ ಬರೆದ ಲೇಖನದಿಂದ ಬಳಕೆಗೆ ಬಂದ ಪದ. ಆದರೆ ಕೆಲಸ ಪದಕ್ಕಿಂತ ಹಳೆಯದು. 1962ರಲ್ಲೇ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿ ತನ್ನ ‘ವೈಪರ್’ ಜೆಟ್ ಎಂಜಿನ್‌ಗೆ ಒಂದು ಯೋಜನೆ ತಂದಿತು. ಎಂಜಿನ್ ಹಾರಿದ ಪ್ರತಿ ಗಂಟೆಗೆ ಇಷ್ಟು ಎಂದು ನಿಗದಿತ ಹಣ ಕೊಡಿ, ರಿಪೇರಿ, ಬಿಡಿಭಾಗ ನಮ್ಮ ಜವಾಬ್ದಾರಿ ಎಂದಿತು. ನಂತರ ಆ ಕಂಪನಿಯನ್ನು ಕೊಂಡ ರೋಲ್ಸ್ ರಾಯ್ಸ್ ಇದನ್ನೇ ಬೆಳೆಸಿತು. ಎಚ್‌ಎಎಲ್ ಬೆಂಗಳೂರಿನಲ್ಲಿ ರೂಪಿಸಿದ ‘ಕಿರಣ್’ ತರಬೇತಿ ವಿಮಾನದ ಮೊದಲ ಮಾದರಿಯಲ್ಲಿ ಇದ್ದದ್ದೂ ವೈಪರ್ ಎಂಜಿನ್ನೇ ಎಂಬುದು ನನಗೆ ಹೊಸದಾಗಿ ತಿಳಿದ ಸಂಗತಿ.

ಗಂಟೆ ಲೆಕ್ಕದ ಈ ಒಪ್ಪಂದದಲ್ಲಿ ಒಂದು ಸೊಗಸಿದೆ. ಹಳೆಯ ಪದ್ಧತಿಯಲ್ಲಿ ಎಂಜಿನ್ ಕೆಟ್ಟರೆ ತಯಾರಕನಿಗೆ ಲಾಭ, ಬಿಡಿಭಾಗ ಮಾರಬಹುದು. ಹೊಸ ಪದ್ಧತಿಯಲ್ಲಿ ಎಂಜಿನ್ ಕೆಟ್ಟು ನಿಂತರೆ ಅವನಿಗೇ ನಷ್ಟ. ಹಾರಿದರೆ ತಾನೆ ದುಡ್ಡು! ಹಾಗಾಗಿ ಕೆಡದ ಎಂಜಿನ್ ಮಾಡುವುದು, ಕೆಡುವ ಮೊದಲೇ ಗುರುತಿಸುವುದು ಅವನ ಸ್ವಂತ ಹಿತಾಸಕ್ತಿ. ವಿಮಾನ ಆಕಾಶದಲ್ಲಿರುವಾಗಲೇ ಎಂಜಿನ್ನಿನ ಉಷ್ಣ, ಒತ್ತಡ, ಕಂಪನದ ಅಂಕಿಗಳು ನೆಲಕ್ಕೆ ಬರುವುದು ಇದಕ್ಕಾಗಿಯೇ. ಆದರೆ ಗಂಟೆ ಲೆಕ್ಕ ತಯಾರಕನನ್ನೂ ಬಿಡುವುದಿಲ್ಲ. 2020ರಲ್ಲಿ ಕೋವಿಡ್ಡಿನಿಂದ ವಿಮಾನಗಳು ನೆಲ ಹಿಡಿದಾಗ ಗಂಟೆಗಳೂ ನಿಂತವು, ದುಡ್ಡೂ ನಿಂತಿತು. ಆ ಮೇ ತಿಂಗಳಲ್ಲಿ ರೋಲ್ಸ್ ರಾಯ್ಸ್ 9,000 ಉದ್ಯೋಗ ಕಡಿತ ಘೋಷಿಸಿತು.

ಜರ್ಮನಿಯ ಕೇಸರ್ ಎಂಬ ಕಂಪನಿ ಏರ್ ಕಂಪ್ರೆಸರ್ ಮಾಡುತ್ತದೆ. ಅದು ಕೆಲವು ಗ್ರಾಹಕರಿಗೆ ಕಂಪ್ರೆಸರ್ ಮಾರುವುದೇ ಇಲ್ಲ, ಗಾಳಿ ಮಾರುತ್ತದೆ. ಯಂತ್ರ ಕಂಪನಿಯದ್ದು, ಗ್ರಾಹಕ ಬಳಸಿದ ಗಾಳಿಗೆ ಮಾತ್ರ ಹಣ. ನಮ್ಮ ಇಂಟರ್ನ್‌ಶಿಪ್ ಕಾರ್ಖಾನೆಯಲ್ಲೂ ಒಂದು ಹಳೆಯ ಕಂಪ್ರೆಸರ್ ಇತ್ತು, ಪೈಪುಗಳಲ್ಲಿ ಎಲ್ಲೆಡೆ ಸುಸ್ ಸುಸ್ ಸೋರಿಕೆ. ಕಂಪ್ರೆಸರಿನ ಇಡೀ ಆಯುಷ್ಯದ ಖರ್ಚಿನಲ್ಲಿ ದೊಡ್ಡ ಪಾಲು ಯಂತ್ರದ ಬೆಲೆಯಲ್ಲ, ಕರೆಂಟು ಬಿಲ್ಲು. ಸೋರಿಕೆಗೆ ಯಾರು ದುಡ್ಡು ಕೊಡುತ್ತಾರೆ ಎಂಬುದು ಬದಲಾದರೆ, ಸೋರಿಕೆ ಹುಡುಕುವವರೂ ಬದಲಾಗುತ್ತಾರೆ. ಇದನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಸೂಪರ್‌ವೈಸರ್ ‘ನೀನೇ ಹೋಗಿ ಹುಡುಕು’ ಎಂದು ಒಂದು ಬಕೆಟ್ ಸೋಪಿನ ನೀರು ಕೊಟ್ಟರು. ಮಧ್ಯಾಹ್ನವೆಲ್ಲ ನನಗೆ ಅದೇ ಕೆಲಸವಾಯಿತು. ಹನ್ನೊಂದು ಕಡೆ ಗುಳ್ಳೆ ಬಂತು.

ಇಷ್ಟೆಲ್ಲ ಹಳೆಯ ವಿಚಾರವಾದರೆ ಈಗ ಯಾಕೆ ಎಲ್ಲಕ್ಕೂ, ಫ್ಯಾನಿಗೂ ಬಲ್ಬಿಗೂ ‘ಸ್ಮಾರ್ಟ್’ ಹುಚ್ಚು? ಎಲೆಕ್ಟ್ರಾನಿಕ್ಸ್ ಮಿನಿ ಪ್ರಾಜೆಕ್ಟ್ ಮಾಡಿದ ಯಾರನ್ನಾದರೂ ಕೇಳಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಇನ್ನೂರು ಮುನ್ನೂರು ರೂಪಾಯಿಗೆ ವೈಫೈ ಇರುವ ಒಂದು ಪುಟ್ಟ ಬೋರ್ಡ್ ಸಿಗುತ್ತದೆ. 2014ರಲ್ಲಿ ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ‘ಇಎಸ್‌ಪಿ 8266’ ಚಿಪ್ ಬಂದ ಮೇಲೆ ಯಂತ್ರವನ್ನು ಇಂಟರ್‌ನೆಟ್ಟಿಗೆ ಸೇರಿಸುವುದು ದೋಸೆಗೆ ಚಟ್ನಿ ಹಾಕಿದಷ್ಟು ಅಗ್ಗವಾಯಿತು. ವಿಮಾನದ ಎಂಜಿನ್‌ಗೆ ಮಾತ್ರ ಗಿಟ್ಟುತ್ತಿದ್ದ ಲೆಕ್ಕ ಈಗ ನಮ್ಮೂರಿನ ಮೋಟಾರಿಗೂ ಗಿಟ್ಟುತ್ತದೆ.

ಜೊತೆಗೆ ಪೈಪೋಟಿ. 2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್ ಕಾರುಗಳು ಬಂದಾಗ ಜಾಹೀರಾತಿನಲ್ಲಿ ಎಂಜಿನ್‌ಗಿಂತ ಜೋರಾಗಿ ಕೇಳಿದ್ದು ಕಾರಿಗೆ ಇಂಟರ್‌ನೆಟ್ ಇದೆ ಎಂಬ ಮಾತು. ಐಐಟಿ ಮದ್ರಾಸಿನ ಇಬ್ಬರು ಪದವೀಧರರು ಕಟ್ಟಿದ ಬೆಂಗಳೂರಿನ ಏಥರ್ 2018ರಲ್ಲಿ ಸ್ಕೂಟರ್ ಮಾರಲು ಶುರು ಮಾಡಿದಾಗ ಅದರ ಪರದೆ, ಸಾಫ್ಟ್‌ವೇರ್ ಅಪ್‌ಡೇಟುಗಳೇ ಮಾತಿನ ವಿಷಯವಾದವು. ಗಾಡಿ ಮನೆಯಲ್ಲಿ ನಿಂತಿರುವಾಗಲೇ ಅದಕ್ಕೆ ಹೊಸ ಗುಣ ಬರುವುದು ನಮಗೆಲ್ಲ ಅಚ್ಚರಿ. ಆದರೆ ಹೊಸ ಗುಣ ಕಳಿಸಬಲ್ಲ ದಾರಿಯಲ್ಲೇ ಇದ್ದ ಗುಣವನ್ನು ಹಿಂದಕ್ಕೆ ಪಡೆಯಲೂ ಬಹುದಲ್ಲ!

ಬಿಎಂಡಬ್ಲ್ಯು 2022ರಲ್ಲಿ ದಕ್ಷಿಣ ಕೊರಿಯಾ ಮುಂತಾದ ಕಡೆ ಕಾರಿನ ಸೀಟು ಬಿಸಿಯಾಗಲು ತಿಂಗಳ ಚಂದಾ ಕೇಳಿತು. ಬಿಸಿ ಮಾಡುವ ತಂತಿ ಸೀಟಿನೊಳಗೆ ಆಗಲೇ ಇದೆ. ದುಡ್ಡು ಕೊಟ್ಟರೆ ಸಾಫ್ಟ್‌ವೇರ್ ಬೀಗ ತೆಗೆಯುತ್ತದೆ. ಜನ ಉಗಿದು ಉಪ್ಪಿನಕಾಯಿ ಹಾಕಿದರು, ಮರುವರ್ಷ ಕಂಪನಿ ಅದನ್ನು ಕೈಬಿಟ್ಟಿತು. ಇನ್ನೊಂದು ಪ್ರಸಂಗ ನನಗೆ ಹೆಚ್ಚು ತಾಗಿದ್ದು. ಅಮೆರಿಕದಲ್ಲಿ ‘ರಿವಾಲ್ವ್’ ಎಂಬ ಸ್ಮಾರ್ಟ್ ಮನೆ ಸಾಧನವನ್ನು ಸುಮಾರು 300 ಡಾಲರ್ ಕೊಟ್ಟು ಜನ ಕೊಂಡಿದ್ದರು, ಜೀವಮಾನದ ಸೇವೆ ಉಚಿತ ಎಂಬ ಭರವಸೆಯೊಂದಿಗೆ. ಗೂಗಲ್ ಒಡೆತನದ ನೆಸ್ಟ್ ಆ ಕಂಪನಿಯನ್ನು ಕೊಂಡಿತು. 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಚೆನ್ನಾಗಿದ್ದ ಡಬ್ಬಿಗಳೆಲ್ಲ ಒಂದೇ ದಿನ ಕಾಗದದ ಮೇಲೆ ಇಡುವ ಕಲ್ಲಾದವು. ಜೀವಮಾನ ಎಂದದ್ದು ಯಾರ ಜೀವಮಾನ ಎಂದು ಯಾರೂ ಕೇಳಿರಲಿಲ್ಲ.

ಟ್ರ್ಯಾಕ್ಟರಿನ ಕತೆಗೆ ಎರಡು ಮುಖ. 2022ರಲ್ಲಿ ಉಕ್ರೇನಿನ ಮೆಲಿಟೊಪೋಲ್‌ನಲ್ಲಿ ಒಂದು ಮಾರಾಟ ಮಳಿಗೆಯಿಂದ ರಷ್ಯಾದ ಸೈನಿಕರು ಜಾನ್ ಡೀರ್ ಕೃಷಿ ಯಂತ್ರಗಳನ್ನು ಹೊತ್ತೊಯ್ದರು. ಚೆಚೆನ್ಯಾದವರೆಗೂ ಸಾಗಿಸಿದ ಆ ಯಂತ್ರಗಳಿಗೆ ದೂರದಿಂದಲೇ ಬೀಗ ಬಿದ್ದಿತ್ತು ಎಂಬ ಸುದ್ದಿ ಬಂದಾಗ ಜಗತ್ತು ಚಪ್ಪಾಳೆ ತಟ್ಟಿತು. ನಾನೂ ಓದಿ ಖುಷಿಪಟ್ಟಿದ್ದೆ. ಅದೇ ಕಂಪನಿಯ ಮೇಲೆ 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮೊಕದ್ದಮೆ ಹೂಡಿತು. ರಿಪೇರಿಗೆ ಬೇಕಾದ ಪೂರ್ಣ ಸಾಫ್ಟ್‌ವೇರ್ ತನ್ನ ಡೀಲರುಗಳಿಗೆ ಮಾತ್ರ ಕೊಟ್ಟು, ರೈತರಿಗೆ ತಮ್ಮದೇ ಟ್ರ್ಯಾಕ್ಟರ್ ತಾವು ರಿಪೇರಿ ಮಾಡಿಕೊಳ್ಳಲು ಬಿಡುತ್ತಿಲ್ಲ ಎಂಬುದು ಆರೋಪ. ಕಳ್ಳನಿಗೆ ಬೀಗ ಹಾಕುವ ಕೈಯೇ ಯಜಮಾನನಿಗೂ ಬೀಗ ಹಾಕಬಲ್ಲದು. ಬಿಡಿಭಾಗ, ರಿಪೇರಿಯ ವ್ಯಾಪಾರ ಊರಿನ ಮೆಕ್ಯಾನಿಕ್ ಕೈಗೆ ಹೋಗದಂತೆ ನೋಡಿಕೊಳ್ಳುವುದೂ ತಯಾರಕರು ಸೇವೆ ಸೇರಿಸಲು ಒಂದು ಕಾರಣ. ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನಮ್ಮಲ್ಲೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ, ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ನಮ್ಮೂರಿನ ಮೋಟಾರು ರಿವೈಂಡಿಂಗ್ ಅಂಗಡಿಯವರಿಗೆ ಹೇಳಿದೆ. ‘ಅದರಲ್ಲಿ ನಮ್ಮ ಹೆಸರಿದೆಯೇನವ್ವಾ?’ ಎಂದರು.

ಇಂಟರ್ನ್‌ಶಿಪ್ಪಿನ ಕೊನೆಯ ಎರಡು ವಾರ ನನ್ನನ್ನು ಸರ್ವೀಸ್ ರೂಮಿಗೆ ಹಾಕಿದರು. ಗೋಡೆಯ ಮೇಲೆ ದೊಡ್ಡ ಟಿವಿ, ಅದರಲ್ಲಿ ಕರ್ನಾಟಕದ ನಕ್ಷೆ, ನಕ್ಷೆಯ ತುಂಬ ಚುಕ್ಕಿಗಳು. ಓಡುತ್ತಿರುವ ಮೋಟಾರು ಹಸಿರು, ದೋಷ ಇರುವುದು ಕೆಂಪು. ಕೆಂಪು ಚುಕ್ಕಿ ಬಂದರೆ ನಾವು ಮೂವರಲ್ಲಿ ಒಬ್ಬರು ಗ್ರಾಹಕರಿಗೆ ಫೋನ್ ಮಾಡಬೇಕು. ಎರಡನೇ ದಿನವೇ ಹಿರಿಯೂರು ಕಡೆಯ ಒಬ್ಬ ಯಜಮಾನರಿಗೆ ಫೋನ್ ಮಾಡಿ, ‘ನಿಮ್ಮ ಒಂದು ಫೇಸ್ ಹೋಗಿದೆ, ಮೋಟಾರು ಹಾಕಬೇಡಿ’ ಎಂದೆ. ‘ನೀನು ಯಾರವ್ವಾ? ನಾನು ಮನೇಲಿದೀನಿ, ನಿಂಗೆ ಹೆಂಗೆ ಗೊತ್ತಾತು?’ ಎಂದು ಕೇಳಿದರು. ಸಂಜೆ ಅವರೇ ಫೋನ್ ಮಾಡಿ ಟಿಸಿಯಲ್ಲಿ ಫ್ಯೂಸ್ ಹೋಗಿತ್ತು, ಹಾಕಿಸಿದೆ ಎಂದರು. ಮೋಟಾರು ಸುಟ್ಟಿದ್ದರೆ ಲಾರಿ ತರಿಸಿ ಎತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಲು ಏನಿಲ್ಲವೆಂದರೂ ಇಪ್ಪತ್ತು ಸಾವಿರ. ಅವರ ವರ್ಷದ ಚಂದಾ ಅದರ ಮುಂದೆ ಏನೂ ಅಲ್ಲ. ಅಂದು ರಾತ್ರಿ ಪಿಜಿಯಲ್ಲಿ ಕೂತು, ನಾನು ಸಹಾಯವಾಣಿಯ ಆ ಹುಡುಗನಿಗೆ ಹೇಗೆ ರೇಗಿದ್ದೆ ಎಂದು ನೆನಪಾಯಿತು.

ನಕ್ಷೆಯಲ್ಲಿ ಬೂದು ಬಣ್ಣದ ಚುಕ್ಕಿಗಳೂ ಇದ್ದವು. ಕೇಳಿದೆ. ‘ಅವೆಲ್ಲ ಪ್ಲಾನ್ ಮುಗಿದೋರು’ ಎಂದರು. ‘ಅವರಿಗೆ ಫೋನ್ ಮಾಡಲ್ವಾ?’ ‘ಸೇಲ್ಸ್‌ನೋರು ಮೂರು ಮೆಸೇಜ್ ಹಾಕ್ತಾರೆ.’ ಮೆಸೇಜ್ ಇಂಗ್ಲಿಷಿನಲ್ಲಿ. ಅಪ್ಪನ ಫೋನಿಗೂ ಹಾಗೆಯೇ ಮೂರು ಬಂದಿದ್ದವು. ಆಮೇಲೆ ಹುಡುಕಿ ನೋಡಿದ್ದೆ. ಲೋನ್ ಬೇಕಾ, ಲಾಟರಿ ಗೆದ್ದಿದ್ದೀರಿ ಎಂಬ ನೂರು ಮೆಸೇಜುಗಳ ನಡುವೆ ಹೂತುಹೋಗಿದ್ದವು.

ನನ್ನ ತಕರಾರು ಚಂದಾದ ಮೇಲಲ್ಲ ಎಂದು ಆ ಬೂದು ಚುಕ್ಕಿಗಳನ್ನು ನೋಡುತ್ತಾ ಅನ್ನಿಸಿತು. ಸರ್ವರ್ ನಡೆಸಲು, ಸಿಮ್‌ಗೆ ಡೇಟಾ ಹಾಕಲು, ನನ್ನಂಥ ಮೂವರನ್ನು ಕೂರಿಸಲು ದುಡ್ಡು ಬೇಕು, ಒಪ್ಪಿದೆ. ಆದರೆ ಚಂದಾ ಮುಗಿದರೆ ಗ್ರಾಫು ನಿಲ್ಲಲಿ, ಎಚ್ಚರಿಕೆಯ ಫೋನು ನಿಲ್ಲಲಿ. ಆನ್ ಆಫ್ ಯಾಕೆ ನಿಲ್ಲಬೇಕು? ಪಕ್ಕದ ತೋಟದವರ ಡಬ್ಬಿಯಂತೆ ಒಂದು ನೇರ ದಾರಿಯನ್ನು ಒಳಗೆ ಉಳಿಸಿಡಲು ಹೆಚ್ಚುವರಿ ಸಾಮಾನೇನೂ ಬೇಡ. ಹಿರಿಯ ಎಂಜಿನಿಯರ್‌ಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಟೆಕ್ನಿಕಲಿ ಸುಲಭ. ಆದ್ರೆ ಹಾಗೆ ಮಾಡಿದ್ರೆ ಎಷ್ಟು ಜನ ರಿನೀವ್ ಮಾಡಿಸ್ತಾರೆ ಅಂತ ಮೀಟಿಂಗಲ್ಲಿ ಕೇಳ್ತಾರಮ್ಮ’ ಎಂದರು. ಪ್ರಾಮಾಣಿಕ ಉತ್ತರ. ಅವರ ಮೇಲಿನ ಗೌರವ ಕಡಿಮೆಯಾಗಲಿಲ್ಲ.

ಹೊರಡುವ ದಿನ ಅವರು ಹೇಳಿದ ಇನ್ನೊಂದು ಮಾತನ್ನು ಕೆಲಸ ಹುಡುಕುತ್ತಿರುವ ನನ್ನಂಥವರಿಗಾಗಿ ಇಲ್ಲಿ ಬರೆಯುತ್ತೇನೆ. ‘ಡ್ಯಾಶ್‌ಬೋರ್ಡ್ ಮಾಡೋರು ಬೇಕಾದಷ್ಟು ಜನ ಸಿಗ್ತಾರೆ. ಈ ಗೆರೆ ಹೀಗೆ ಯಾಕೆ ಇಳೀತು ಅಂತ ಮೋಟಾರು ಮುಟ್ಟಿ ಹೇಳೋರು ಸಿಗ್ತಿಲ್ಲ.’ ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಹುಡುಗರೆಲ್ಲ ಕೋರ್ ಬಿಟ್ಟು ಕೋಡಿಂಗ್ ಕೋರ್ಸಿಗೆ ಸೇರುತ್ತಿದ್ದಾರೆ. ನಾನೂ ಸೇರಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಮೆಷಿನ್ಸ್ ಲ್ಯಾಬಿನ ರೆಕಾರ್ಡನ್ನು ಈಗ ಸೀನಿಯರ್ ಪುಸ್ತಕ ನೋಡಿ ನಕಲು ಮಾಡುತ್ತಿಲ್ಲ.

ಊರಿಗೆ ಬಂದ ಮೇಲೆ ಎಸ್‌ಪಿ ರೋಡಿನಿಂದ ತಂದಿದ್ದ ಒಂದು ಜಿಎಸ್‌ಎಂ ಮಾಡ್ಯೂಲ್, ಒಂದು ರಿಲೇ, ಹಳೆಯ ಟಿಫಿನ್ ಬಾಕ್ಸ್ ಸೇರಿಸಿ ನನ್ನದೇ ಮೊಬೈಲ್ ಸ್ಟಾರ್ಟರ್ ಕಟ್ಟಿದೆ. ಮಾಡ್ಯೂಲ್ 2ಜಿಯದ್ದು, ಜಿಯೋ ಸಿಮ್ ನಡೆಯುವುದಿಲ್ಲ, ಅದಕ್ಕೆಂದು ಬೇರೆ ಸಿಮ್ ತರಬೇಕಾಯಿತು. ಸರ್ವರ್ ಇಲ್ಲ, ಚಂದಾ ಇಲ್ಲ. ಅಪ್ಪನ ನಂಬರಿನಿಂದ ಮೆಸೇಜ್ ಹೋದರೆ ಮಾತ್ರ ಕೇಳುತ್ತದೆ. ಮೊದಲ ಸಲ ಮೋಟಾರು ಗುರ್ರೆಂದು ಓಡಿ ಪೈಪಿನಲ್ಲಿ ನೀರು ಬಂದಾಗ ಅಮ್ಮ ನನ್ನ ದೃಷ್ಟಿ ತೆಗೆದರು.

ಅಪ್ಪ ಮಾತ್ರ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಚೆನ್ನಾಗೈತವ್ವಾ. ನೀನು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದ್ಮೇಲೆ ಇದು ಕೆಟ್ರೆ ಯಾರಿಗೆ ಫೋನ್ ಮಾಡ್ಲಿ?’

‘ನಂಗೇ ಮಾಡು.’

‘ರಾತ್ರಿ ಎರಡು ಗಂಟೆಗೆ?’

ನಾನು ಮಾತಾಡಲಿಲ್ಲ. ಮರುದಿನ ಅಪ್ಪ ಹೊಳಲ್ಕೆರೆಗೆ ಹೋಗಿ ಕಂಪನಿಯ ಡೀಲರ್ ಹತ್ತಿರ ಒಂದು ವರ್ಷದ ಚಂದಾ ಕಟ್ಟಿ ಬಂದರು. ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿದ್ದಾರೆ. ನನ್ನ ಟಿಫಿನ್ ಬಾಕ್ಸ್ ಪಂಪ್‌ಹೌಸಿನ ಗೋಡೆಗೆ, ಕಂಪನಿಯ ಡಬ್ಬಿಯ ಪಕ್ಕದಲ್ಲೇ ನೇತಾಡುತ್ತಿದೆ. ಅದರ ಸಿಮ್‌ಗೂ ಅಪ್ಪ ರೀಚಾರ್ಜ್ ಮಾಡಿಸುತ್ತಿದ್ದಾರೆ.